ನೀರು ಕುಡಿಯುವ ಇಸ್ತ್ರಿ ಪೆಟ್ಟಿಗೆ

ಪೆಟ್ಟಿಗೆ ಅಂಗಿಯ ಮೇಲೆ ಉಗುಳಿತು. ಬಿಳಿ ಅಂಗಿ, ಬೆನ್ನಿನ ಭಾಗ, ಸರಿಯಾಗಿ ನಡುವೆ. ಕಂದು ನೊರೆ, ಸೀದ ಅನ್ನದ ವಾಸನೆ. ಮೇಲೆತ್ತಿ ಹಿಡಿದೆ. ಗಾಳಿಯಲ್ಲೇ ಬುಸ್ ಎಂದು ಇನ್ನೊಮ್ಮೆ ಉಗುಳಿತು, ಈ ಸಲ ನನ್ನ ಕೈ ಮೇಲೆ.

ನಾನು ಇಸ್ತ್ರಿ ಹಾಕುತ್ತಿದ್ದ ಮನೆಯ ಇಂಜಿನಿಯರ ಹೆಂಡತಿ ಒಳಗಿನಿಂದ ಓಡಿ ಬಂದರು. ಅವರನ್ನು ನಾನು ಅಮ್ಮಾವ್ರು ಅನ್ನುತ್ತೇನೆ.

"ಏನು ಹಾಕಿದ್ಯೋ ಇದರೊಳಗೆ?"

"ಗಂಜಿ, ಅಮ್ಮಾರೇ."

"ಗಂಜಿನಾ!"

"ತೆಳು ಗಂಜಿ. ಬಟ್ಟೇಲಿ ಸೋಸಿ ಹಾಕಿದೀನಿ."

"ಸೋಸಿ ಹಾಕಿದಾನಂತೆ," ಎಂದು ಗೋಡೆಗೆ ಹೇಳಿ ಅವರು ಕುರ್ಚಿಯ ಮೇಲೆ ಕೂತರು.

ನೀವು ನಗುವ ಮೊದಲು ಪೂರ್ತಿ ಕೇಳಿ. ಸೊರಬದ ಬಸ್ ಸ್ಟ್ಯಾಂಡಿನ ಹತ್ತಿರ ನಾನು ಕೆಲಸ ಕಲಿತದ್ದು ಇದ್ದಿಲ ಪೆಟ್ಟಿಗೆಯಲ್ಲಿ. ಅದರ ಹೊಟ್ಟೆಯಲ್ಲಿ ಬೆಂಕಿ ಇರುತ್ತದೆ. ಗಂಜಿನೀರನ್ನು ಕೈಯಲ್ಲಿ ಬಟ್ಟೆಗೆ ಚಿಮುಕಿಸಿ ಎಳೆಯುತ್ತೇವೆ. ಶಿಕಾರಿಪುರದ ಈ ಮನೆಯ ಪೆಟ್ಟಿಗೆ ಬೇರೆ. ಗೋಡೆಯಿಂದ ಕರೆಂಟು, ಹಿಡಿಕೆಯ ಹತ್ತಿರ ನೀರು ಹೊಯ್ಯಲು ಒಂದು ಬಾಯಿ, ತಳದಲ್ಲಿ ತೂತುಗಳು. ಗುಂಡಿ ಒತ್ತಿದರೆ ನೀರು ಹನಿಹನಿಯಾಗಿ ಕಾದ ತಳಕ್ಕೆ ಬಿದ್ದು ಹಬೆಯಾಗಿ ಹೊರಗೆ ಬರುತ್ತದೆ. ಅಮ್ಮಾವ್ರ ಅಣ್ಣ ಲಂಡನ್ನಿನಿಂದ ತಂದುಕೊಟ್ಟದ್ದು. ಹೇಗೂ ನೀರು ಕುಡಿಯುತ್ತದಲ್ಲ, ಗಂಜಿಯನ್ನೇ ಕುಡಿಸಿದರೆ ಚಿಮುಕಿಸುವ ಕೆಲಸ ಉಳಿಯಿತು ಎಂದುಕೊಂಡೆ. ನಮ್ಮ ಕಡೆ ಇಸ್ತ್ರಿ ಹಾಕುವ ಯಾರೇ ಆದರೂ ಹಾಗೇ ಅಂದುಕೊಳ್ಳುತ್ತಿದ್ದರು.

ಪೆಟ್ಟಿಗೆ ಕೆಟ್ಟದ್ದಕ್ಕಿಂತ ನನಗೆ ಭಯವಾದದ್ದು ಇನ್ನೊಂದಕ್ಕೆ. ಆ ಮನೆಯ ಹಿಂದೆ ಒಂದು ಖಾಲಿ ರೂಮು ಇತ್ತು. ವಾರಕ್ಕೆ ಮೂರು ದಿನ ಬಂದು ಇಸ್ತ್ರಿ ಹಾಕಿಕೊಟ್ಟರೆ ಅದರಲ್ಲಿ ಇರಬಹುದು ಎಂದಿದ್ದರು. ರೂಮು ಸಿಕ್ಕರೆ ಗಿರಿಜೆಯನ್ನು ಕರೆದುಕೊಂಡು ಬರಬಹುದು. ಗಿರಿಜೆ ನನ್ನ ಹೆಂಡತಿ. ಮದುವೆಯಾಗಿ ಐದು ತಿಂಗಳು. ಅದರಲ್ಲಿ ನಾವು ಒಟ್ಟಿಗೆ ಇದ್ದದ್ದು ಇಪ್ಪತ್ತು ದಿನವೂ ಇಲ್ಲ.

ನಾನು ಮಲಗುತ್ತಿದ್ದದ್ದು ನನ್ನನ್ನು ಕೆಲಸಕ್ಕೆ ಇಟ್ಟುಕೊಂಡ ಹಾಲಪ್ಪನವರ ಲಾಂಡ್ರಿಯಲ್ಲಿ, ಇಸ್ತ್ರಿ ಮೇಜಿನ ಮೇಲೆ. ಮೇಜು ಬೆಚ್ಚಗಿರುತ್ತದೆ, ಅದೊಂದು ಅನುಕೂಲ. ಊಟ ಅವರ ಮನೆಯಲ್ಲಿ, ಎರಡು ಹೊತ್ತು ಜೋಳದ ರೊಟ್ಟಿ. ನಮ್ಮಲ್ಲಿ ಮೂರು ಹೊತ್ತೂ ಅನ್ನ. ಮೊದಲ ವಾರ ರೊಟ್ಟಿ ಗಂಟಲಲ್ಲೇ ನಿಂತಿತು. ಹಾಲಪ್ಪನವರು, "ತಮ್ಮಾ, ಅಗದು ತಿನ್ನು. ಇದೇನು ಅನ್ನ ಅಲ್ಲಪಾ ನುಂಗಾಕ," ಎಂದರು. ಒಳ್ಳೆಯ ಮನುಷ್ಯ. ಆದರೆ ಲಾಂಡ್ರಿಯಲ್ಲಿ ಹೆಂಡತಿಯ ಜೊತೆ ಇರಲು ಜಾಗವಿಲ್ಲ.

ಊರು ದೂರವಾ ಎಂದರೆ ದೂರವಲ್ಲ. ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿರಬಹುದು. ಆದರೂ ಇಲ್ಲಿ ನಾನು ಯಾರ ಮಗ ಎಂದು ಒಬ್ಬನೂ ಕೇಳಲಿಲ್ಲ. ಊರಲ್ಲಿ ಕೇಳುವುದೇ ಬೇಕಿಲ್ಲ, ಎಲ್ಲರಿಗೂ ಗೊತ್ತು. ಇಲ್ಲಿ ನಾನು "ಇಸ್ತ್ರಿಯವ", ಅಷ್ಟೇ. ಬಟ್ಟೆಗಂಟು ಬಿಚ್ಚಿದರೆ ಗಂಡನ ಅಂಗಿ, ಹೆಂಡತಿಯ ಸೀರೆ ಒಂದರೊಳಗೊಂದು ಸುತ್ತಿಕೊಂಡಿರುತ್ತವೆ. ಬೇರೆ ಬೇರೆ ಮಾಡಿ, ಇಸ್ತ್ರಿ ಹಾಕಿ, ಮತ್ತೆ ಒಟ್ಟಿಗೆ ಕಟ್ಟಿ ಕೊಡುವುದು ನನ್ನ ಕೆಲಸ. ಕೆಲವು ದಿನ ಅದೇ ಕಷ್ಟವಾಗುತ್ತಿತ್ತು.

"ಅಮ್ಮಾರೇ, ನಾನೇ ಸರಿ ಮಾಡ್ತೀನಿ," ಎಂದೆ.

"ಮಾಡು. ಅಲ್ಲೀವರೆಗೂ ರೂಮಿನ ಮಾತು ಎತ್ತಬೇಡ."

ತಂತಿ ಕಿತ್ತು, ಪೆಟ್ಟಿಗೆ ಪೂರ್ತಿ ಆರುವವರೆಗೆ ಮುಟ್ಟಲಿಲ್ಲ. ಉಳಿದ ಗಂಜಿಯನ್ನು ಬಗ್ಗಿಸಿ ಚೆಲ್ಲಿದೆ. ಬೆಚ್ಚನೆಯ ನೀರು ಹಾಕಿ ಕುಲುಕಿ ಚೆಲ್ಲಿದೆ, ಮತ್ತೆ ಹಾಕಿದೆ, ಮತ್ತೆ ಚೆಲ್ಲಿದೆ. ನೀರು ತಿಳಿಯಾಗುವ ಹೊತ್ತಿಗೆ ತೋಳು ಸೋತಿತ್ತು. ತಳಕ್ಕೆ ಸೀದು ಹಿಡಿದಿದ್ದ ಕರಿಯನ್ನು ಚಾಕುವಿನಿಂದ ಕೆರೆಯಲು ಹೋದೆ. ಅಮ್ಮಾವ್ರು ಕೈ ಹಿಡಿದರು. ಸರಿಯೇ, ತಳಕ್ಕೆ ಗೀರು ಬಿದ್ದರೆ ರೇಷ್ಮೆ ಹರಿಯುತ್ತದೆ. ಒದ್ದೆ ಬಟ್ಟೆಯಿಂದ ನೆನೆಸಿ ನೆನೆಸಿ ಉಜ್ಜಿದೆ. ಉಳಿದದ್ದಕ್ಕೆ, ಸ್ವಲ್ಪ ಬಿಸಿ ಮಾಡಿ, ಹಳೆ ಕಾಗದದ ಮೇಲೆ ಪುಡಿ ಉಪ್ಪು ಹರಡಿ ಮೆಲ್ಲಗೆ ಎಳೆದೆ. ಕೊನೆಗೆ ಬಾಳೆಎಲೆಯ ಮೇಲೆ ಎಳೆದೆ. ಅದು ನಮ್ಮ ಇದ್ದಿಲ ಪೆಟ್ಟಿಗೆಯ ಪಾಠ. ಲಂಡನ್ನಿನದಕ್ಕೂ ನಡೆಯಿತು. ತೂತುಗಳಿಗೆ ಪೊರಕೆಯ ಕಡ್ಡಿ ಹಾಕಿ ಬಿಡಿಸಿದೆ.

ಆಗ ಕಡ್ಡಿಯ ತುದಿಗೆ ಬೆಳ್ಳಗೆ ಏನೋ ಬಂತು. ಗಂಜಿಯಲ್ಲ, ಸುಣ್ಣದ ಹಾಗೆ ಗಟ್ಟಿ. ಅಡಿಗೆಮನೆಯ ಚಹದ ಕೆಟಲ್ ತೋರಿಸಿ ಎಂದೆ. ಅದರ ಹೊಟ್ಟೆಯಲ್ಲೂ ಅದೇ ಬಿಳಿ ಪದರ.

ಹಾಲಪ್ಪನವರನ್ನು ಕೇಳಿದರೆ, "ಆ ಮನಿ ಬಾವಿ ನೀರು ಸವಳು ಐತಪಾ," ಎಂದರು. ಸವಳು ಎಂದರೆ ಉಪ್ಪು, ಸುಣ್ಣ ಸೇರಿದ ಗಡಸು ನೀರು. ನಮ್ಮ ಊರಲ್ಲಿ ಆ ಮಾತು ಕೇಳಿರಲಿಲ್ಲ. ಆ ನೀರೇ ಇಲ್ಲದ ಮೇಲೆ ಮಾತು ಎಲ್ಲಿಂದ ಬರಬೇಕು.

ನಿಂಬೆರಸ ಸೋಸಿ, ನೀರು ಬೆರೆಸಿ ಒಳಗೆ ಹಾಕಿ ಬಿಟ್ಟೆ. ಆಮೇಲೆ ಬಿಸಿ ಮಾಡಿ ಹಳೆ ಬಟ್ಟೆಯ ಮೇಲೆ ಹಬೆ ಬಿಟ್ಟೆ. ಬಿಳಿ ಹಕ್ಕಳೆ ಉದುರಿತು. ಬರೀ ನೀರಿನಲ್ಲಿ ತೊಳೆದೆ. ಹಬೆ ನೆಟ್ಟಗೆ ಬಂತು. ನಡುವೆ ಒಮ್ಮೆ ಹನಿ ತೊಟ್ಟಿಕ್ಕಿತು, ಅದು ನನ್ನ ಅವಸರ. ತಳ ಕಾಯುವ ಮೊದಲೇ ಗುಂಡಿ ಒತ್ತಿದರೆ ನೀರು ನೀರಾಗಿಯೇ ಇಳಿಯುತ್ತದೆ. ಕಾಯಬೇಕು. ಕಾಯುವುದು ನನಗೆ ಬರುತ್ತಿರಲಿಲ್ಲ, ಆ ಪೆಟ್ಟಿಗೆಯೇ ಕಲಿಸಿತು.

"ಮತ್ತೆ ಇದೇ ಬಾವಿ ನೀರು ಹಾಕಿದ್ರೆ ಮತ್ತೆ ಕಟ್ಟತ್ತೆ, ಅಮ್ಮಾರೇ. ನಮ್ಮ ಸೊರಬದ ಕಡೆ ನೀರು ಹಿಂಗೆ ಕಟ್ಟಲ್ಲ."

"ಹಾಗಾದ್ರೆ ಅದನ್ನೇ ತಗೊಂಡು ಬಾ. ಒಂದು ತಿಂಗಳು ಇದು ಉಗುಳದೆ ಇದ್ರೆ ರೂಮು ನಿಂದು."

ಭಾನುವಾರ ಮುಚ್ಚಳದ ಡಬ್ಬ ಹಿಡಿದು ಊರಿಗೆ ಹೋದೆ. ಅವ್ವ, ಅಣ್ಣಂದಿರು, ಅತ್ತಿಗೆಯರು, ಮಕ್ಕಳು, ಮನೆ ತುಂಬ ಜನ. ಅಲ್ಲಿ ಗಂಡ ಹೆಂಡತಿ ಮಾತಾಡಲು ಬಾವಿಕಟ್ಟೆ ಬಿಟ್ಟರೆ ಬೇರೆ ಜಾಗವಿಲ್ಲ. ಗಿರಿಜೆ ಕೊಡ ಇಳಿಸುತ್ತ ಕೇಳಿದಳು.

"ನನ್ನ ನೋಡಕ್ಕೆ ಬಂದ್ರಾ, ನೀರಿಗೆ ಬಂದ್ರಾ?"

"ನೀರಿಗೆ."

"ಹಂಗಾದ್ರೆ ನೀವೇ ಸೇದ್ಕಳಿ." ಹಗ್ಗ ನನ್ನ ಕೈಗೆ ಕೊಟ್ಟು ಕಟ್ಟೆಯ ಮೇಲೆ ಕೂತಳು.

ರೂಮಿನ ವಿಷಯ ಹೇಳಿದೆ. ಕಿಟಕಿ ಐತಾ ಎಂದಳು. ಒಂದು ಐತಿ ಎಂದೆ. ಯಾವ ದಿಕ್ಕಿಗೆ ಎಂದಳು. ನೋಡಿರಲಿಲ್ಲ. "ಎಂಥ ಗಂಡಸ್ರಪ್ಪ," ಎಂದು ನಕ್ಕಳು. ಒಂದು ಡಬ್ಬ ತುಂಬಲು ಅರ್ಧ ಗಂಟೆ ಹಿಡಿಯಿತು. ಅವ್ವ ಹಿತ್ತಿಲ ಬಾಗಿಲಲ್ಲಿ ನಿಂತು, "ಬಾವಿ ಬತ್ತಿ ಹೋಯ್ತನ್ರೋ?" ಎಂದು ಕೂಗಿದಳು.

ವಾಪಸು ಬರುವಾಗ ಬಸ್ಸಿನಲ್ಲಿ ಡಬ್ಬ ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಡ್ರೈವರು ನಮ್ಮ ಕಡೆಯವನೇ.

"ಎಂತದಾ ಅದು, ತುಪ್ಪನಾ?"

"ನೀರು. ಇಸ್ತ್ರಿ ಪೆಟ್ಟಿಗೆಗೆ." ಎಲ್ಲ ಹೇಳಿದೆ.

ಅವನು ಜೋರಾಗಿ ನಕ್ಕ. "ಅದಕ್ಕೆ ಊರಿಗೆ ಬರ್ಬೇಕನಾ ಮಾರಾಯ? ನಮ್ಮ ಬ್ಯಾಟರಿಗೆ ಹಾಕ್ತೀವಲ್ಲ, ಬಟ್ಟಿ ಇಳಿಸಿದ ನೀರು, ಅದನ್ನ ಹಾಕು. ಶಿಕಾರಿಪುರದ ಗ್ಯಾರೇಜಲ್ಲೇ ಸಿಗತ್ತೆ. ಅದರಲ್ಲಿ ಸುಣ್ಣನೂ ಇಲ್ಲ ಮಣ್ಣೂ ಇಲ್ಲ."

ಗ್ಯಾರೇಜು ಹಾಲಪ್ಪನವರ ಲಾಂಡ್ರಿಯ ಎದುರಿಗೇ ಇತ್ತು.

ನಾನು ಅಮ್ಮಾವ್ರಿಗೆ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದು ಉದ್ದ ಬರೆಯುವ ಅಗತ್ಯವಿಲ್ಲ. ಹೇಳಿದ್ದರೆ ಮುಂದಿನ ಭಾನುವಾರ ಊರಿಗೆ ಹೋಗಲು ರಜ ಸಿಗುತ್ತಿರಲಿಲ್ಲ.

ಎರಡನೇ ಭಾನುವಾರವೂ ಹೋದೆ, ಮೂರನೆಯದೂ ಹೋದೆ. ಕಿಟಕಿ ಪಡುವಣಕ್ಕೆ ಎಂದು ಹೇಳಿದೆ. ಗಿರಿಜೆಗೆ ಸಂತೋಷವಾಯಿತು, ಊರ ದಿಕ್ಕು ಅದು. ಮೂರನೇ ಸಲ ಡಬ್ಬದ ಬಾಯಿಗೆ ತನ್ನ ಹಳೆ ಸೀರೆಯ ತುಂಡು ಕಟ್ಟಿ ಕೊಟ್ಟಳು, ಬಸ್ಸಿನ ಧೂಳು ಬೀಳದಿರಲಿ ಎಂದು. ಅಮ್ಮಾವ್ರು ಆ ಗಂಟು ನೋಡಿ, "ನೀರಿಗೆ ಎಷ್ಟು ಉಪಚಾರ," ಎಂದರು. ನಾನು ಬೇಗ ಗಂಟು ಬಿಚ್ಚಿ ನೀರು ಹೊಯ್ದೆ. ಊರಲ್ಲಿ ನಾನು ಸುಳ್ಳು ಹೇಳಿದವನಲ್ಲ. ಅಲ್ಲಿ ಹೇಳಿದರೆ ಸಂಜೆಯೊಳಗೆ ಸಿಕ್ಕಿಬೀಳುತ್ತೇವೆ. ಇಲ್ಲಿ ಮೂರು ವಾರ ಹಿಡಿಯಿತು.

ಇಂಜಿನಿಯರು ಅಂಬ್ಲಿಗೊಳದ ಅಣೆಕಟ್ಟಿನ ಕೆಲಸ ನೋಡಿಕೊಳ್ಳುವವರು. ಜೀಪು ಮನೆಯ ಮುಂದೆಯೇ ನಿಲ್ಲುತ್ತದೆ. ಒಂದು ಬೆಳಿಗ್ಗೆ ಜೀಪಿನ ಡ್ರೈವರು ಬಾನೆಟ್ಟು ತೆಗೆದು ಸೀಸೆಯಿಂದ ಬ್ಯಾಟರಿಗೆ ನೀರು ಹಾಕುತ್ತಿದ್ದ. ಅಮ್ಮಾವ್ರು ಏನೋ ಕೇಳಿದರು, ಅವನು ಏನೋ ಹೇಳಿದ. ಅವರು ಸೀಸೆ ಹಿಡಿದುಕೊಂಡೇ ಒಳಗೆ ಬಂದರು. ನಾನು ಸೀರೆಯ ಅಂಚು ಹಿಡಿದು ಇಸ್ತ್ರಿ ಎಳೆಯುತ್ತಿದ್ದೆ.

"ಇದು ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಯಾವಾಗಿಂದ?"

"ಮೊದಲ್ನೇ ಸಲ ವಾಪಸ್ ಬರೋವಾಗಿಂದ."

"ಮತ್ತೆ ಯಾಕೋ ಊರಿಂದ ನೀರು ಹೊತ್ತೆ?"

ಪೆಟ್ಟಿಗೆಯನ್ನು ನಿಲ್ಲಿಸಿಟ್ಟೆ. "ಬಾವಿ ಹತ್ರ ಅವಳು ಸಿಗ್ತಾಳೆ, ಅಮ್ಮಾರೇ. ಬೇರೆ ಎಲ್ಲೂ ಸಿಗಲ್ಲ."

ಅವರು ಸೀಸೆ ಕೆಳಗಿಟ್ಟರು. ರೂಮು ಹೋಯಿತು ಎಂದುಕೊಂಡೆ. ಸೀರೆಯನ್ನು ಪೂರ್ತಿ ಮಾಡಿ ಮಡಿಸಿಟ್ಟು ಹೋಗೋಣ, ಅರ್ಧಕ್ಕೆ ಬಿಟ್ಟು ಹೋಗುವುದು ಬೇಡ ಎಂದು ಮತ್ತೆ ಪೆಟ್ಟಿಗೆ ಹಿಡಿದೆ.

"ನನಗೆ ಸುಳ್ಳು ಹೇಳಿದ್ದು ತಪ್ಪು," ಎಂದರು.

"ಹೌದು."

"ಹೌದು ಅಂತಾನೆ ನೋಡು, ಒಂದು ಸಮಾಧಾನದ ಮಾತೂ ಇಲ್ಲ." ಒಳಗೆ ಹೋಗಿ ಬೀಗದ ಕೈ ತಂದು ಮೇಜಿನ ಮೇಲೆ ಇಟ್ಟರು. "ಈ ಭಾನುವಾರ ಹೋಗು. ಡಬ್ಬ ಇಲ್ಲೇ ಇರ್ಲಿ. ಒಬ್ಬನೇ ಬಂದ್ಯೋ, ರೂಮು ಬೇರೆಯವರಿಗೆ."

ಗಿರಿಜೆ ಬಂದಳು. ಒಂದು ಟ್ರಂಕು, ಒಂದು ಕೊಡ, ಅವ್ವ ಕಟ್ಟಿಕೊಟ್ಟ ಅಕ್ಕಿ. ರೂಮಿನಲ್ಲಿ ಮೊದಲು ಕಿಟಕಿ ತೆರೆದಳು. ಎದುರಿಗೆ ಗೋಡೆ. "ಪಡುವಣಕ್ಕೇ ಐತಿ, ಸುಳ್ಳಲ್ಲ," ಎಂದಳು. ಮಾರನೇ ದಿನ ತಲೆಗೆ ಸ್ನಾನ ಮಾಡಿದಳು. ಸೋಪು ನೊರೆ ಬರಲಿಲ್ಲ, ಕೂದಲು ನಾರಿನ ಹಾಗೆ ನಿಂತಿತು. ಬೇಳೆ ಎರಡು ತಾಸು ಒಲೆಯ ಮೇಲಿದ್ದರೂ ಕಾಳು ಕಾಳಾಗಿಯೇ ಇತ್ತು. ಇಬ್ಬರೂ ಅಗಿದು ತಿಂದೆವು. ಹಾಲಪ್ಪನವರ ಹೆಂಡತಿ ಬಂದು ರಾತ್ರಿಯೇ ನೆನೆಸಿಡಲು ಹೇಳಿಕೊಟ್ಟರು. ರೊಟ್ಟಿ ತಟ್ಟುವುದನ್ನೂ ಕಲಿಸಿದರು. ಈಗ ಅವಳ ರೊಟ್ಟಿ ನನ್ನ ಗಂಟಲಲ್ಲಿ ನಿಲ್ಲುವುದಿಲ್ಲ.

ಪೆಟ್ಟಿಗೆ ಬ್ಯಾಟರಿ ನೀರು ಕುಡಿದು ಚೆನ್ನಾಗಿದೆ. ಕೆಲಸ ಮುಗಿದ ಮೇಲೆ ಉಳಿದ ನೀರು ಚೆಲ್ಲಿ, ಬಿಸಿ ಇರುವಾಗಲೇ ಒಳಗನ್ನು ಒಣಗಿಸಿಡುತ್ತೇನೆ. ಬೇರೆ ಆಫೀಸರ ಮನೆಗಳಿಂದಲೂ ಬಟ್ಟೆ ಬರುತ್ತಿದೆ. ರಸ್ತೆಯಲ್ಲಿ ಇಬ್ಬರು ಮೂವರು ಹೆಸರು ಹಿಡಿದು ಕರೆಯುತ್ತಾರೆ.

ಭಾನುವಾರ ಬಂದರೆ ಮಾತ್ರ ಏನು ಮಾಡಬೇಕೋ ತೋಚುವುದಿಲ್ಲ. ಊರಿಗೆ ಹೋಗಲು ನೆಪವಿಲ್ಲ. ಸೊರಬದ ಬಸ್ಸು ಹೊರಡುವ ಹೊತ್ತಿಗೆ ಗಿರಿಜೆ ಮಾಡುತ್ತಿದ್ದ ಕೆಲಸ ನಿಲ್ಲಿಸುತ್ತಾಳೆ. ನಾನೂ ನಿಲ್ಲಿಸುತ್ತೇನೆ. ಬಸ್ಸಿನ ಹಾರನ್ ಸದ್ದು ದೂರ ಹೋದ ಮೇಲೆ ಮತ್ತೆ ಕೆಲಸಕ್ಕೆ ಕೈ ಹಾಕುತ್ತೇವೆ. ಮೊದಲು ಈ ಊರಲ್ಲಿ ಊರು ನೆನೆಯುವವನು ನಾನೊಬ್ಬನೇ ಇದ್ದೆ. ಈಗ ಇಬ್ಬರಿದ್ದೇವೆ.

ನನ್ನ ಹತ್ತಿರ ಇದ್ದ ಕತೆ ಇಷ್ಟೇ, ಮುಗಿಯಿತು.