ಪೆನ್ನಿ ರೋಸ್ ಸತ್ತಿಲ್ಲ

ತಾನು ಸತ್ತು ನಲವತ್ತಮೂರು ವರ್ಷವಾಗಿದೆ ಎಂದು ಪ್ರೆಸಿಲ್ಲಾ ಲೋಬೊ ಅವರಿಗೆ ಗೊತ್ತಾದದ್ದು ಜರ್ಮನಿಯ ಸಿಂಡೆಲ್‌ಫಿಂಗೆನ್ ಪೇಟೆಯ ಒಂದು ರೆಕಾರ್ಡ್ ಅಂಗಡಿಯಲ್ಲಿ, 2017ರ ಮೇ ತಿಂಗಳ ಒಂದು ಶನಿವಾರ ಬೆಳಿಗ್ಗೆ.

ಮಂಗಳೂರಿನಿಂದ ಮಗನ ಮನೆಗೆ ಬಂದು ಆಗ ಹತ್ತು ದಿನವಾಗಿತ್ತು. ಮಗ ಗ್ಲೆನ್ ಕಾರು ಕಾರ್ಖಾನೆಯಲ್ಲಿ ಎಂಜಿನಿಯರ್, ಬ್ಲೂ ಕಾರ್ಡ್ ಎಂಬ ಕೆಲಸದ ಪರವಾನಗಿಯ ಮೇಲೆ ಬಂದವನು. ಸೊಸೆ ಸ್ಮಿತಾ ಮೈಸೂರಿನವಳು. ಅವಳಿಗೆ ಕೊಂಕಣಿ ಬಾರದು, ಹಾಗಾಗಿ ಆ ಮನೆಯಲ್ಲಿ ಎಲ್ಲರದೂ ಕನ್ನಡವೇ. ಅತ್ತೆ ಸೊಸೆ ಇಬ್ಬರೂ ಬ್ರೆಡ್ಡು ತರಕಾರಿ ಹಿಡಿದುಕೊಂಡು ಓಣಿಯಲ್ಲಿ ಬರುತ್ತಿದ್ದರು. ಒಂದು ಅಂಗಡಿಯ ತೆರೆದ ಬಾಗಿಲಿನಿಂದ ಗಿಟಾರಿನ ಸದ್ದು ಬಂತು, ಅದರ ಬೆನ್ನಿಗೇ ಒಂದು ಹುಡುಗಿಯ ದನಿ. ಪ್ರೆಸಿಲ್ಲಾ ನಿಂತುಬಿಟ್ಟರು.

"ಏನಾಯ್ತು ಅತ್ತೆ? ಮಂಡಿ ನೋವಾ?"

"ಅದು ನಾನು," ಎಂದರು ಪ್ರೆಸಿಲ್ಲಾ.

"ಯಾವುದು?"

"ಹಾಡ್ತಾ ಇರುವುದು. ಅದು ನಾನು ಮಾರಾಯ್ತಿ!"

ಒಳಗೆ ಹೋಗಿ ಕೇಳಿದಾಗ ಅಂಗಡಿಯವನು ಹೊಸ ರೆಕಾರ್ಡ್ ಒಂದನ್ನು ಕೈಗಿತ್ತ. ಅರವತ್ತರ ದಶಕದಲ್ಲಿ ಭಾರತದ ಹುಡುಗ ಹುಡುಗಿಯರು ಹಾಡಿದ ಬೀಟ್ ಸಂಗೀತದ ಸಂಗ್ರಹ. ಹೈಡೆಲ್‌ಬರ್ಗಿನ ಒಂದು ಸಣ್ಣ ಕಂಪನಿ ಹೊರತಂದದ್ದು. ಎರಡನೇ ಬದಿಯ ಮೊದಲ ಹಾಡು 'ಪ್ಲಾಟ್‌ಫಾರ್ಮ್ ಥ್ರೀ', ಗಾಯಕಿ ಪೆನ್ನಿ ರೋಸ್. ಕವರಿನ ಹಿಂದೆ ಇಂಗ್ಲಿಷಿನಲ್ಲಿ ಅವಳ ಬಗ್ಗೆ ಬರೆದಿತ್ತು. ಪ್ರೆಸಿಲ್ಲಾ ಕನ್ನಡಕ ಹಾಕಿಕೊಂಡು ಓದಿದರು. ರೈಲ್ವೆ ಕಾಲೊನಿಯ ಅನಾಥ ಹುಡುಗಿ. ಪ್ರೇಮದಲ್ಲಿ ಮೋಸಹೋದಳು. ಕುಡಿತಕ್ಕೆ ಬಿದ್ದಳು. 1974ರಲ್ಲಿ ಕಲ್ಕತ್ತದ ಧರ್ಮಾಸ್ಪತ್ರೆಯೊಂದರಲ್ಲಿ, ಹೇಳುವವರು ಕೇಳುವವರು ಯಾರೂ ಇಲ್ಲದೆ ತೀರಿಕೊಂಡಳು.

"ಕಲ್ಕತ್ತ ನಾನು ನೋಡಲೇ ಇಲ್ಲ," ಎಂದರು ಪ್ರೆಸಿಲ್ಲಾ. ಸ್ಮಿತಾ ರೆಕಾರ್ಡನ್ನು ಕೊಂಡು, ಅತ್ತೆಯ ತೋಳು ಹಿಡಿದು ಮನೆಗೆ ಕರೆತಂದಳು.

ನಡೆದದ್ದೇ ಬೇರೆ. ಪ್ರೆಸಿಲ್ಲಾ ಮಂಗಳೂರಿನ ಬಂದರಿನ ಗುಮಾಸ್ತರೊಬ್ಬರ ಮಗಳು. ಹದಿನೆಂಟು ತುಂಬಿದಾಗ ಟೈಪಿಂಗ್ ಕಲಿಯಲಿಕ್ಕೆಂದು ಬೆಂಗಳೂರಿನ ಕಾಕ್ಸ್ ಟೌನಿನಲ್ಲಿದ್ದ ಚಿಕ್ಕಮ್ಮನ ಮನೆಗೆ ಹೋದರು. ಅಲ್ಲಿ ಇಗರ್ಜಿಯ ಕ್ರಿಸ್‌ಮಸ್ ಕಾರ್ಯಕ್ರಮದಲ್ಲಿ ಹಾಡಿದ್ದನ್ನು ರಾಮದಾಸ್ ಎಂಬ ಉಡುಪಿಯ ಹುಡುಗ ಕೇಳಿ, ತನ್ನ ತಂಡದಲ್ಲಿ ಹಾಡಲು ಕರೆದ. ಅವನ ಮಾವನದು ಹೋಟೆಲು; ಅದರ ಮಹಡಿಯ ಮೇಲೆ ಅವನೂ ಮೂವರು ಗೆಳೆಯರೂ ಗಿಟಾರು ಡ್ರಮ್ಮು ಬಾರಿಸುತ್ತಿದ್ದರು. ಕೆಳಗಿನಿಂದ ದೋಸೆಯ ಹೊಗೆ ಬರುವುದು, ಮೇಲೆ ಇವರ ಗದ್ದಲ. ಬ್ರಿಗೇಡ್ ರಸ್ತೆಯ ರೆಸ್ಟೋರೆಂಟ್ ಒಂದರಲ್ಲಿ ಭಾನುವಾರದ ಬೆಳಗಿನ ಕಾರ್ಯಕ್ರಮ ಸಿಕ್ಕಿದಾಗ, ಪ್ರೆಸಿಲ್ಲಾ ಎಂಬ ಹೆಸರು ಬೋರ್ಡಿಗೆ ಉದ್ದವಾಯಿತೆಂದು ಮ್ಯಾನೇಜರನೇ ಪೆನ್ನಿ ರೋಸ್ ಎಂದು ಬರೆಸಿದ.

ಆಮೇಲಿನ ಐದು ವರ್ಷ ಬೆಂಗಳೂರಿನ ಕಾಲೇಜು ಹುಡುಗರಿಗೆ ಆ ಹೆಸರಿನ ಹುಚ್ಚು ಹಿಡಿಯಿತು. ಒಳಗೆ ಜಾಗವಿಲ್ಲದವರು ಕಿಟಕಿಗೆ ಜೋತುಬಿದ್ದು ಕೇಳುತ್ತಿದ್ದರು. ಹುಡುಗಿಯರು ಅವರ ಹಾಗೆ ಕೂದಲು ಎತ್ತಿ ಕಟ್ಟಿಕೊಂಡು ಬರುತ್ತಿದ್ದರು. ಮದರಾಸಿಗೂ, ಕೋಲಾರದ ಚಿನ್ನದ ಗಣಿಯ ಕ್ಲಬ್ಬಿಗೂ ಕರೆ ಬಂತು. 1966ರಲ್ಲಿ ಮದರಾಸಿನ ಸ್ಟುಡಿಯೋ ಒಂದರಲ್ಲಿ ಒಂದೇ ಮಧ್ಯಾಹ್ನ ಎರಡು ಹಾಡು ರೆಕಾರ್ಡ್ ಆದವು. 'ಪ್ಲಾಟ್‌ಫಾರ್ಮ್ ಥ್ರೀ' ಹಾಡಿನ ಮಾತುಗಳನ್ನು ಪ್ರೆಸಿಲ್ಲಾ ತಾನು ಟೈಪಿಸ್ಟ್ ಆಗಿ ಸೇರಿದ್ದ ಆಫೀಸಿನ ಟೈಪ್‌ರೈಟರಿನಲ್ಲಿ, ಮೇಲಿನವರು ಊಟಕ್ಕೆ ಹೋದಾಗ ಬರೆದಿದ್ದರು. ಅದು ರೇಡಿಯೋದಲ್ಲಿ ಬಂದ ದಿನ ಬಸ್ಸಿನ ಕಂಡಕ್ಟರ್ ಕೂಡ ಗುರುತು ಹಿಡಿದು ನಕ್ಕಿದ್ದ.

1968ರಲ್ಲಿ ಅಪ್ಪ ಬಂದು ಕರೆದುಕೊಂಡು ಹೋದರು. ಮೋಸವೂ ಇಲ್ಲ, ಕುಡಿತವೂ ಇಲ್ಲ. ಮದುವೆಯಾದ ಗಂಡ, ಹಂಚಿನ ಕಾರ್ಖಾನೆಯ ಆಫೀಸಿನಲ್ಲಿದ್ದ ಸಿಪ್ರಿಯನ್ ಲೋಬೊ ಒಳ್ಳೆಯವರೇ. "ಹಾಡಬೇಕಾದರೆ ಇಗರ್ಜಿಯಲ್ಲಿ ಹಾಡು, ಯಾರು ಬೇಡ ಹೇಳ್ತಾರೆ?" ಎಂದರು. ಅಲ್ಲಿ ಅರವತ್ತು ಜನರ ಜೊತೆ ಪ್ರೆಸಿಲ್ಲಾ ನಲವತ್ತು ವರ್ಷ ಹಾಡಿದರು. ಅರವತ್ತರಲ್ಲಿ ಯಾರ ದನಿ ಯಾರದೆಂದು ಯಾರಿಗೂ ತಿಳಿಯುವಂತಿರಲಿಲ್ಲ. ರೆಕಾರ್ಡಿನವರು ಸಾಯಿಸಿದ ಆ 1974ರಲ್ಲಿ ಅವರು ಶಾಲೆಯೊಂದರಲ್ಲಿ ಟೀಚರಾಗಿ ಸೇರಿದ್ದರು.

ಸಂಜೆ ಗ್ಲೆನ್ ಕವರನ್ನು ಎರಡು ಸಲ ಓದಿದ.

"ಮಮ್ಮಿ, ನೀನು ರೆಕಾರ್ಡಿಗೆ ಹಾಡಿದ್ದು ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ದೇನೆ. ನೀನು ಎಂಟನೇ ಕ್ಲಾಸಲ್ಲಿ ಇರುವಾಗ ಹೇಳಿದೆ. ಆಗ ನೀನು ಕ್ರಿಕೆಟ್ ನೋಡ್ತಾ ಇದ್ದಿ."

"ಸರಿ, ಈಗ ಎಂಥ ಮಾಡ್ಲಿಕ್ಕೆ ಉಂಟು? ಯಾರೋ ತಪ್ಪು ಬರೆದಿದ್ದಾರೆ. ಬಿಟ್ಟುಬಿಡು."

"ಸತ್ತಿದ್ದಾಳೆ ಅಂತ ಬರೆದಿದ್ದಾರೆ ಗ್ಲೆನ್. ಬಿಟ್ಟುಬಿಡ್ಲಿಕ್ಕೆ ಅದು ಸ್ಪೆಲ್ಲಿಂಗ್ ಮಿಸ್ಟೇಕಾ?"

ಗ್ಲೆನ್ ತಲೆ ಕೆರೆದುಕೊಂಡ. ಇಲ್ಲೇ ಕಾಯಂ ನೆಲೆಸುವ ಪರವಾನಗಿಗೆ ಅವನು ಅರ್ಜಿ ಹಾಕಿದ್ದ. ಮುಂದಿನ ತಿಂಗಳು ವಿದೇಶಿಯರ ಕಚೇರಿಯಲ್ಲಿ ಟೆರ್ಮೀನ್, ಅಂದರೆ ಭೇಟಿಯ ದಿನ, ಸಿಕ್ಕಿತ್ತು. ಎರಡು ವರ್ಷದಿಂದ ಅವನ ತಲೆಯಲ್ಲಿ ಇದ್ದದ್ದು ಅದೊಂದೇ. "ಈ ಟೈಮಲ್ಲಿ ಲಾಯರು, ಕಂಪ್ಲೇಂಟು ಅಂತ ಹೋಗುವುದು ಬೇಡ, ಪ್ಲೀಸ್. ನೀನು ಬಂದದ್ದು ವಿಸಿಟರ್ ವೀಸಾದಲ್ಲಿ. ತೊಂಬತ್ತು ದಿನ ಆರಾಮ ಇದ್ದು ಹೋಗು."

ಕಾಗದ ಬರೆದದ್ದು ಸ್ಮಿತಾ. ಅವಳು ಜರ್ಮನ್ ಭಾಷೆಯ ಬಿ-ಒನ್ ಪರೀಕ್ಷೆಗೆ ಓದುತ್ತಿದ್ದಳು. "ಔಪಚಾರಿಕ ಪತ್ರ ಬರೆಯೋದು ಸಿಲಬಸ್‌ನಲ್ಲೇ ಇದೆ ಅತ್ತೆ, ನನಗೂ ಪ್ರಾಕ್ಟೀಸ್ ಆಗತ್ತೆ, ಬರೆದುಬಿಡೋಣ," ಎಂದಳು. ಕಂಪನಿಗೆ ಮೇಲ್ ಹೋಯಿತು. ಹನ್ನೆರಡು ದಿನಕ್ಕೆ ಉತ್ತರ ಬಂತು: ತಮ್ಮ ಪತ್ರಕ್ಕೆ ಧನ್ಯವಾದಗಳು, ದಯವಿಟ್ಟು ನಾಖ್‌ವೈಸ್ ಕಳಿಸಿ. ನಾಖ್‌ವೈಸ್ ಅಂದರೆ ಪುರಾವೆ. ಆ ಶಬ್ದ ಪ್ರೆಸಿಲ್ಲಾ ಅವರಿಗೆ ಅಂದೇ ಬಾಯಿಪಾಠವಾಯಿತು.

ಪುರಾವೆ ಎಲ್ಲಿಂದ ತರುವುದು? ಪಾಸ್‌ಪೋರ್ಟಿನಲ್ಲಿ ಪ್ರೆಸಿಲ್ಲಾ ಲೋಬೊ. ಆಧಾರ್ ಕಾರ್ಡಿನಲ್ಲಿ ಪ್ರೆಸಿಲ್ಲಾ ಲೋಬೊ. ರಾಮದಾಸ್ ತೀರಿಕೊಂಡು ಹತ್ತು ವರ್ಷ. ಉಳಿದವರು ಆಸ್ಟ್ರೇಲಿಯಾಕ್ಕೆ ಹೋದವರು, ವಿಳಾಸವಿಲ್ಲ. ಮಂಗಳೂರಿನ ಬಿಜೈಯಲ್ಲಿದ್ದ ತಂಗಿ ಡಯಾನಾಗೆ ಫೋನು ಹೋಯಿತು. ಅವಳು ಎರಡು ದಿನ ಟ್ರಂಕು ಹುಡುಕಿ ಒಂದು ಫೋಟೋ ಕಳಿಸಿದಳು. ಎತ್ತಿ ಕಟ್ಟಿದ ಕೂದಲು, ಅರ್ಧ ಮುಖ ಮುಚ್ಚುವ ಕಪ್ಪು ಕನ್ನಡಕ, ಬಾಯಿಗೆ ಅಡ್ಡ ಮೈಕು.

"ಬೇರೆ ಇಲ್ಲವಾ ಡಯಾನಾ?"

"ಇದ್ದವು. ಅಮ್ಮ ನಿನ್ನ ಮದುವೆಗೆ ಮೊದಲು ಒಲೆಗೆ ಹಾಕಿದ್ದು. ಇದು ಕನ್ನಡಕ ಇದ್ದ ಕಾರಣ ಉಳೀತು."

ಫೋಟೋದ ಜೊತೆಗೆ ಪ್ರೆಸಿಲ್ಲಾ ಇನ್ನೊಂದನ್ನು ಸೇರಿಸಲು ಹೇಳಿದರು. ಪ್ರತಿ ನವೆಂಬರಿನಲ್ಲಿ ಪೆನ್ಶನಿಗಾಗಿ ಬ್ಯಾಂಕಿಗೆ ಕೊಡುವ, ತಾನು ಬದುಕಿದ್ದೇನೆ ಎಂಬ ಸರ್ಟಿಫಿಕೇಟು. "ಇದಕ್ಕಿಂತ ದೊಡ್ಡ ನಾಖ್‌ವೈಸ್ ಉಂಟಾ?" ಎಂದರು. ಸ್ಮಿತಾ ಅದನ್ನೂ ಅನುವಾದಿಸಿ ಕಳಿಸಿದಳು.

ಕಂಪನಿಯ ಉತ್ತರ ವಿನಯದಿಂದಲೇ ಇತ್ತು. ಶ್ರೀಮತಿ ಲೋಬೊ ಬದುಕಿರುವುದನ್ನು ಯಾರೂ ಅಲ್ಲಗಳೆದಿಲ್ಲ. ಆದರೆ ತೀರಿಕೊಂಡವರು ಪೆನ್ನಿ ರೋಸ್. ಹಣದ ಬೇಡಿಕೆ ಇದ್ದಲ್ಲಿ ನಮ್ಮ ವಕೀಲರನ್ನು ಸಂಪರ್ಕಿಸಬಹುದು.

"ಹಣ ಯಾರು ಕೇಳಿದ್ದು?" ಪ್ರೆಸಿಲ್ಲಾ ಅಡುಗೆಮನೆಯಲ್ಲಿ ಸೌಟು ಕುಕ್ಕಿದರು. "ನಾನು ಕೇಳಿದ್ದು ಒಂದು ಸಾಲು ಹೊಡೆದುಹಾಕಿ ಅಂತ. ಕಾಪಿಯಲ್ಲಿ ತಪ್ಪಿದ್ದರೆ ಮೂರನೇ ಕ್ಲಾಸಿನ ಮಕ್ಕಳೂ ಹೊಡೆದುಹಾಕ್ತವೆ."

ಅರವತ್ತನೆಯ ದಿನ ಅತ್ತೆ ಸೊಸೆ ರೈಲು ಹತ್ತಿ ಹೈಡೆಲ್‌ಬರ್ಗಿಗೆ ಹೋದರು. ಗ್ಲೆನ್‌ಗೆ ಹೇಳಿದ್ದು ಅಲ್ಲಿನ ಕೋಟೆ ನೋಡಲಿಕ್ಕೆಂದು. ಕಂಪನಿ ಎಂದರೆ ಸೈಕಲ್ ರಿಪೇರಿ ಅಂಗಡಿಯ ಹಿಂದಿನ ಎರಡು ಕೋಣೆ. ಟೋರ್ಸ್ಟನ್ ಎಂಬ ನಲವತ್ತೈದರ ಮನುಷ್ಯ, ಕುರುಚಲು ಗಡ್ಡ, ಕಾಫಿ ಕೊಟ್ಟ. ಕವರಿನ ಮೇಲಿನದನ್ನೆಲ್ಲ ಬರೆದವನು ಅವನೇ. ಮೂರು ಸಲ ಭಾರತಕ್ಕೆ ಹೋಗಿ ಹಳೇ ರೆಕಾರ್ಡು ಹುಡುಕಿದ್ದನಂತೆ. ಪೆನ್ನಿ ರೋಸಳ ಕತೆಯನ್ನು ಕಲ್ಕತ್ತದಲ್ಲಿ ರೆಕಾರ್ಡು ಮಾರುವವನೊಬ್ಬ ಹೇಳಿದ್ದನಂತೆ.

"ಅವನು ಹೇಳಿದ, ನೀವು ಬರೆದಿರಿ?" ಪ್ರೆಸಿಲ್ಲಾ ಇಂಗ್ಲಿಷಿನಲ್ಲಿ ಕೇಳಿದರು. "ನಾಖ್‌ವೈಸ್ ಕೇಳಲಿಲ್ಲವಾ ಅವನ ಹತ್ತಿರ?"

ಟೋರ್ಸ್ಟನ್ ಎದ್ದು ರೆಕಾರ್ಡು ಹಾಕಿದ. ಇಪ್ಪತ್ತೊಂದು ವರ್ಷದ ದನಿ ಕೋಣೆ ತುಂಬಿತು. ಎರಡನೇ ಚರಣದ ನಂತರ ಗಿಟಾರು ಬರುವಾಗ, ಹಿಂದಿನಿಂದ ಒಂದು ಕೂಗು ಕೇಳಿಸಿತು. ಟೋರ್ಸ್ಟನ್ ಬೆರಳೆತ್ತಿದ. ಆ ಕೂಗಿನ ಬಗ್ಗೆಯೇ ಅವನು ಆರು ಸಾಲು ಬರೆದಿದ್ದ: ದಕ್ಷಿಣ ಭಾರತದ ಯಾವುದೋ ಪುರಾತನ ದೇವಿಯನ್ನು ಮೈಮರೆತು ಕರೆಯುವ ಮಂತ್ರ ಎಂದು.

ಸ್ಮಿತಾ ಕಿವಿಗೊಟ್ಟು ಕೇಳಿದವಳೇ ಬಾಯಿಗೆ ಕೈ ಅಡ್ಡ ಹಿಡಿದಳು.

"ಅದು ಮಂತ್ರ ಅಲ್ಲ," ಎಂದರು ಪ್ರೆಸಿಲ್ಲಾ. "'ರಾಮದಾಸಾ, ಕಾಲು ತೆಗಿ ಮಾರಾಯ, ವಯರು!' ಅಂತ ನಾನು ಕೂಗಿದ್ದು. ಅವನು ಮೈಕಿನ ವಯರಿನ ಮೇಲೆ ನಿಂತಿದ್ದ. ಸ್ಟುಡಿಯೋದವರು ಇನ್ನೊಮ್ಮೆ ಮಾಡಲಿಕ್ಕೆ ಟೈಮಿಲ್ಲ ಅಂದರು, ಹಾಗೇ ಬಿಟ್ಟರು."

ಟೋರ್ಸ್ಟನ್ ಅದೇ ಜಾಗವನ್ನು ನಾಲ್ಕು ಸಲ ಹಾಕಿ ಕೇಳಿದ. ಪ್ರತಿ ಸಲವೂ ರಾಮದಾಸನ ಹೆಸರು ಇನ್ನಷ್ಟು ಸ್ಪಷ್ಟವಾಯಿತು. ಅವನಿಗೆ ನಂಬಿಕೆ ಬಂತು ಎಂಬುದು ಪ್ರೆಸಿಲ್ಲಾ ಅವರಿಗೆ ಮುಖ ನೋಡಿಯೇ ತಿಳಿಯಿತು. ಆದರೆ ಆ ಮುಖದಲ್ಲಿ ಸಂತೋಷ ಕಾಣಲಿಲ್ಲ. ಜೋಪಾನವಾಗಿ ಇಟ್ಟುಕೊಂಡಿದ್ದ ವಸ್ತುವನ್ನು ಯಾರೋ ಕೈಜಾರಿಸಿ ಒಡೆದ ಹಾಗೆ ಅವನು ಕೂತಿದ್ದ.

"ಸ್ವಲ್ಪ ಹಾಡುತ್ತೀರಾ?" ಎಂದು ಫೋನು ಮುಂದೆ ಹಿಡಿದ.

ಥೈರಾಯ್ಡ್ ಆಪರೇಶನ್ ಆದಮೇಲೆ ಮೇಲಿನ ಸ್ವರ ಅವರಿಗೆ ಎಟುಕುತ್ತಿರಲಿಲ್ಲ. ಆದರೂ ಎರಡು ಸಾಲು ಹಾಡಿದರು. ಮೂರನೆಯದರಲ್ಲಿ ದನಿ ಒಡೆದು ಕೆಮ್ಮು ಬಂತು. ಟೋರ್ಸ್ಟನ್ ಫೋನು ಕೆಳಗಿಟ್ಟ.

"ಹಾಡುವುದು ಬಿಟ್ಟ ಮೇಲೆ ಏನು ಮಾಡಿದಿರಿ?"

"ಮೂರನೇ ಕ್ಲಾಸಿಗೆ ಲೆಕ್ಕ ಕಲಿಸಿದೆ. ಇಪ್ಪತ್ತೊಂಬತ್ತು ವರ್ಷ."

ಅವನ ಕೈಯಲ್ಲಿ ಪೆನ್ನಿತ್ತು, ಮುಂದೆ ಕಾಗದವಿತ್ತು. ಆ ಉತ್ತರವನ್ನು ಅವನು ಬರೆದುಕೊಳ್ಳಲಿಲ್ಲ. ಪ್ರೆಸಿಲ್ಲಾ ಅದನ್ನು ನೋಡಿದರು. ಸಾವಿರ ಪ್ರತಿ ಅಚ್ಚಾಗಿ ಹೋಗಿದೆ, ಪೆನ್ನಿ ರೋಸಳ ಕತೆ ಓದಿ ಜನ ಅತ್ತು ಕಾಗದ ಬರೆದಿದ್ದಾರೆ, ವೆಬ್‌ಸೈಟಿನಲ್ಲಿ ಏನು ಮಾಡಬಹುದೋ ನೋಡುತ್ತೇನೆ ಎಂದು ಅವನು ಬಾಗಿಲತನಕ ಬಂದು ಬೀಳ್ಕೊಟ್ಟ. ಬರುವಾಗ ರೈಲಿನಲ್ಲಿ ಸ್ಮಿತಾ, "ಸುಮ್ನಿರಿ ಅತ್ತೆ, ಮಾಡ್ತಾನೆ," ಎಂದಳು. ಅತ್ತೆ ಕಿಟಕಿಯ ಕಡೆ ತಿರುಗಿಕೊಂಡೇ ಇದ್ದರು.

ವೆಬ್‌ಸೈಟಿನಲ್ಲಿ ಮೂರು ವಾರಕ್ಕೆ ಒಂದು ಸಾಲು ಬಂತು: 'ಇತ್ತೀಚಿನ ಮಾಹಿತಿಯ ಪ್ರಕಾರ ಪೆನ್ನಿ ರೋಸ್ ಇನ್ನೂ ಬದುಕಿರುವ ಸಾಧ್ಯತೆ ಇದೆ.'

"ಸಾಧ್ಯತೆ!" ಎಂದರು ಪ್ರೆಸಿಲ್ಲಾ.

ಮರುದಿನ ಹನ್ನೊಂದು ಗಂಟೆಗೆ ಒಬ್ಬರೇ ಸಿಂಡೆಲ್‌ಫಿಂಗೆನ್ನಿನ ಆ ಅಂಗಡಿಗೆ ಹೋದರು. ರೆಕಾರ್ಡಿನ ಮೂರು ಪ್ರತಿಗಳು ಅಲ್ಲಿದ್ದವು. ಚೀಲದಿಂದ ಕೆಂಪು ಬಾಲ್‌ಪೆನ್ ತೆಗೆದು, ಕೌಂಟರಿನ ಪಕ್ಕದ ಮೇಜಿನ ಮೇಲೆ ಇಟ್ಟುಕೊಂಡು, ಮೊದಲ ಕವರಿನಲ್ಲಿ ಅನಾಥೆ ಎಂಬುದನ್ನು ಹೊಡೆದುಹಾಕಿದರು. ಕುಡಿತವನ್ನು ಹೊಡೆದುಹಾಕಿದರು. ಕಲ್ಕತ್ತವನ್ನು ಹೊಡೆದು, ಬದಿಯಲ್ಲಿ ದುಂಡು ಅಕ್ಷರದಲ್ಲಿ ಸರಿಯಾದ್ದನ್ನು ಬರೆದರು. ಮೂರನೆಯದರ ಅರ್ಧಕ್ಕೆ ಬಂದಾಗ ಅಂಗಡಿಯವನು ನೋಡಿ ಓಡಿ ಬಂದ. ಇವರ ಇಂಗ್ಲಿಷು ಅವನಿಗೆ, ಅವನ ಜರ್ಮನ್ನು ಇವರಿಗೆ ಅರ್ಥವಾಗಲಿಲ್ಲ. ಕೊನೆಗೆ ಪ್ರೆಸಿಲ್ಲಾ ಚೀಲದಲ್ಲಿದ್ದ, ಮಗನ ನಂಬರು ಬರೆದ ಚೀಟಿ ಕೊಟ್ಟರು, ಅವನು ಫೋನು ಮಾಡಿದ. ಕಾರ್ಖಾನೆಯಿಂದ ಗ್ಲೆನ್ ಓಡೋಡಿ ಬಂದು, ಐದಾರು ಸಲ ಕ್ಷಮೆ ಕೇಳಿ, ಕೆಟ್ಟುಹೋದ ಮೂರನ್ನೂ ಕೊಂಡುಕೊಂಡ.

ಕಾರಿನಲ್ಲಿ ಅವನ ಮುಖ ಕೆಂಪಾಗಿತ್ತು. "ಅವನು ಪೊಲೀಸರನ್ನು ಕರೆದಿದ್ದರೆ ಎಂಥ ಗತಿ ಮಮ್ಮಿ?"

"ಕರೆಯಬೇಕಿತ್ತು," ಎಂದರು ಪ್ರೆಸಿಲ್ಲಾ. "ಪೊಲೀಸರಾದರೂ ನನ್ನ ಹೆಸರು ಸರಿಯಾಗಿ ಬರ್ಕೊಳ್ತಿದ್ದರು."

ಸಿಗ್ನಲಿನಲ್ಲಿ ನಿಂತಾಗ ಗ್ಲೆನ್ ಹಿಂದಿನ ಸೀಟಿನಿಂದ ಒಂದು ಕವರು ತೆಗೆದು, ಕೆಂಪು ಅಕ್ಷರವನ್ನು ಓದಿದ. ಹಸಿರು ದೀಪ ಬಂದದ್ದು ಅವನಿಗೆ ತಿಳಿಯದೆ ಹಿಂದಿನವರು ಹಾರನ್ ಹೊಡೆದರು.

ಎಂಬತ್ತೆಂಟನೆಯ ದಿನ ಪ್ರೆಸಿಲ್ಲಾ ಮಂಗಳೂರಿಗೆ ಹಿಂತಿರುಗಿದರು. ಗ್ಲೆನ್‌ಗೆ ಕಾಯಂ ಪರವಾನಗಿ ಸಿಕ್ಕಿತು, ಸ್ಮಿತಾ ಬಿ-ಒನ್ ಪಾಸಾದಳು. ರೆಕಾರ್ಡಿನ ಎರಡನೇ ಮುದ್ರಣ ಬಂದಾಗ ಮಂತ್ರದ ಆರು ಸಾಲು ಮಾಯವಾಗಿತ್ತು. ಸಾವು ಹಾಗೆಯೇ ಇತ್ತು, ಇಸವಿಯ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಸೇರಿತ್ತು. ಪ್ರೆಸಿಲ್ಲಾ ಎರಡು ಕಾಗದ ಬರೆಸಿದರು. ಉತ್ತರ ಬರಲಿಲ್ಲ.

ಆ ವರ್ಷದ ಕ್ರಿಸ್‌ಮಸ್ ಕಳೆದು ಎರಡು ದಿನಕ್ಕೆ ಸ್ಮಿತಾ ಫೋನು ಮಾಡಿದಳು. ಗ್ಲೆನ್ ಕೆಂಪು ಗೀಟಿನ ಒಂದು ಕವರಿಗೆ ಚೌಕಟ್ಟು ಹಾಕಿಸಿ ಹಾಲಿನಲ್ಲಿ ತೂಗುಹಾಕಿದ್ದಾನೆ, ಹಬ್ಬಕ್ಕೆ ಬಂದ ಆಫೀಸಿನವರಿಗೆಲ್ಲ ತೋರಿಸಿದ ಎಂದಳು.

"ಎಂಥ ಹೇಳಿದ ಅವರಿಗೆ?"

"ನೀವು ಸತ್ತಿದ್ದೀರಿ ಅಂತ ಜರ್ಮನಿಯವರು ಪ್ರಿಂಟ್ ಮಾಡಿದ್ದು, ನೀವು ಅಂಗಡಿಗೆ ನುಗ್ಗಿ ತಿದ್ದಿದ್ದು, ಎಲ್ಲ. ತುಂಬಾ ಚೆನ್ನಾಗಿ ಹೇಳ್ತಾರೆ ಅತ್ತೆ, ಎಲ್ಲರೂ ಬಿದ್ದು ಬಿದ್ದು ನಕ್ಕರು."

"ಹಾಡು ಹಾಕಿದನಾ?"

"ಇಲ್ಲ ಅತ್ತೆ. ರೆಕಾರ್ಡ್ ಹಾಕೋ ಮೆಶಿನ್ ನಮ್ಮನೇಲಿ ಇಲ್ಲವಲ್ಲ."

"ಹೌದಾ," ಎಂದರು ಪ್ರೆಸಿಲ್ಲಾ. ಆಮೇಲೆ ಅಲ್ಲಿಯ ಚಳಿ ಹೇಗುಂಟು, ಕ್ರಿಸ್‌ಮಸ್ ತಿಂಡಿ ಕುಸ್ವಾರಿನ ಪೊಟ್ಟಣ ಮುಟ್ಟಿತಾ ಎಂದು ಕೇಳಿ ಫೋನಿಟ್ಟರು. ಬಂಗುಡೆ ಮೀನು ತೊಳೆದಿಟ್ಟು ಬಹಳ ಹೊತ್ತಾಗಿತ್ತು. ಒಳಗೆ ಹೋಗಿ ಮಸಾಲೆ ಹಾಕಿ ಮಿಕ್ಸಿ ತಿರುಗಿಸಿದರು.