ಚೌಕಟ್ಟಿನ ಮೇಲಿನ ಮಣ್ಣಿನ ಗೂಡು

ಇದನ್ನು ಹೇಳಬೇಕೆಂದು ಎಷ್ಟೋ ಸಲ ಕೂತಿದ್ದೇನೆ. ಪ್ರತಿ ಸಲವೂ ಕಾಫಿ ಕುಡಿದು ಎದ್ದುಹೋಗಿದ್ದೇನೆ. ಬಚ್ಚಿಟ್ಟದ್ದನ್ನು ಕೆದಕಿದ್ದು ಹಸಿ ಮಣ್ಣಿನ ವಾಸನೆ. ಅದೂ ನಮ್ಮೂರಿನದಲ್ಲ, ಸ್ವೀಡನ್ನಿನದು.

ಎರಡು ಸಾವಿರದ ಇಸವಿ ದಾಟಿದ ಮೇಲಿನ ಒಂದು ಬೇಸಿಗೆ. ಲಿಂಕೋಪಿಂಗಿನಲ್ಲಿದ್ದ ಮಗಳು ವೀಣಾ ಊರಾಚೆ ಒಂದು ತುಂಡು ತೋಟವನ್ನು ಬಾಡಿಗೆಗೆ ಹಿಡಿದಿದ್ದಳು. ಅಲ್ಲಿ ಕಡಜಗಳನ್ನು ಸಹಿಸಿಕೊಳ್ಳುವುದೇ ನನ್ನ ಉದ್ಯೋಗ. ಉದುರಿದ ಚೆರ್ರಿ ಹಣ್ಣಿನ ಮೇಲೆ ಕಡಜ, ಫೀಕಾ ಎನ್ನುವ ಅವರ ಕಾಫಿ ಹೊತ್ತಿಗೆ ಬನ್ನು ಬಿಚ್ಚಿದರೆ ಬನ್ನಿನ ಮೇಲೆ ಕಡಜ, ಜ್ಯೂಸಿನ ಲೋಟದ ಅಂಚಿನಲ್ಲಿ ಕಡಜ. ಔಷಧಿ ಹೊಡೆಯೋಣವೆಂದರೆ ಅದು ಸಾವಯವ ತೋಟ, ವಿಷ ಸೋಕಿಸುವಂತಿಲ್ಲ.

“ಅಪ್ಪಾ, ಅವು ಎಲೆ ತಿನ್ನೋ ಹುಳ ಹಿಡಿಯುತ್ವೆ. ಗಾರ್ಡನ್‌ಗೆ ಹೆಲ್ಪ್ ಆಗುತ್ತೆ.”

“ನನ್ನ ಕುತ್ತಿಗೆ ಕಚ್ಚಿದ್ದು ಯಾವ ಹೆಲ್ಪಮ್ಮಾ?”

“ನೀವು ಕೈ ಬೀಸಿದ್ರಿ, ಅದಕ್ಕೇ ಕಚ್ತು. ಸುಮ್ನೆ ಕೂತಿದ್ರೆ ಅದರ ಪಾಡಿಗೆ ಅದು ಹೋಗ್ತಿತ್ತು.”

ಅರವತ್ತು ದಾಟಿದವನಿಗೆ ಹುಳುವಿನೆದುರು ನಡತೆ ಕಲಿಸುವ ದೇಶ! ಒಂದು ಮಧ್ಯಾಹ್ನ ಗುದ್ದಲಿ ಇಡಲು ಹೋದರೆ ಶೆಡ್ಡಿನ ಬಾಗಿಲ ಚೌಕಟ್ಟಿನ ಮೇಲೆ ನಿಂಬೆಹಣ್ಣಿನಷ್ಟು ಹಸಿ ಮಣ್ಣು. ಸಣ್ಣ ನಡುವಿನ, ಹಳದಿ ಪಟ್ಟೆಯ ಹುಳುವೊಂದು ಬಾಯಲ್ಲಿ ಮಣ್ಣು ತಂದು ಮೆತ್ತುತ್ತಿತ್ತು. ಇಲ್ಲಿಗೂ ಬಂತಲ್ಲ ಎಂದು ಪೊರಕೆ ಎತ್ತಿದೆ. ಐದು ವರ್ಷದ ಮೊಮ್ಮಗಳು ಓಡಿಬಂದು, ಬೇಡವೆಂದು ಸ್ವೀಡಿಷ್‌ನಲ್ಲಿ ಕೂಗುತ್ತ ನನ್ನ ಅಂಗಿ ಜಗ್ಗಿದಳು. “ನೇಯ್, ಅಜ್ಜಾ, ನೇಯ್! ಅದು ಮಮ್ಮಾ! ಬೇಬಿಗೆ ರೂಮ್ ಮಾಡ್ತಿದೆ!” ಅವಳ ಡಾಗಿಸ್‌ನಲ್ಲಿ, ಆ ಶಿಶುವಿಹಾರದಲ್ಲಿ, ಹೇಳಿಕೊಟ್ಟಿದ್ದರಂತೆ. ಪೊರಕೆ ಹಿಡಿದ ಕೈ ಅಲ್ಲೇ ನಿಂತಿತು.

ಹರಿಹರದ ಹೊಳೆದಂಡೆಯ ನಮ್ಮ ಮನೆಯಲ್ಲಿ ಅಂಥದೇ ಗೂಡೊಂದಿತ್ತು, ಅಣ್ಣ ಅತ್ತಿಗೆಯರ ಕೋಣೆಯ ಚೌಕಟ್ಟಿನ ಮೇಲೆ. ಕುಂಬಾರ ಹುಳ ಗೂಡು ಕಟ್ಟಿದ ಮನೆಯಲ್ಲಿ ತೊಟ್ಟಿಲು ತೂಗುತ್ತದೆ ಎಂಬುದು ಅವ್ವನ ನಂಬಿಕೆ. ಮದುವೆಯಾಗಿ ವರ್ಷಗಳಾದರೂ ಅತ್ತಿಗೆಯ ಮಡಿಲು ತುಂಬಿರಲಿಲ್ಲ. ಹುಳುವಿಗೆ ಮಣ್ಣು ಸಿಗಲೆಂದು ಅವರು ದಿನವೂ ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ನೆಲಕ್ಕೆ ನೀರು ಚಿಮುಕಿಸುತ್ತಿದ್ದರು. ಹಿತ್ತಿಲೆಲ್ಲ ಸೀಗೆಯ, ಒದ್ದೆ ಮಣ್ಣಿನ ವಾಸನೆ. ಕೊಡ ಹೊತ್ತು ಒಳಬರುವಾಗ ಗೂಡಿಗೆ ತಾಗದಂತೆ ಮೈ ಬಾಗಿಸಿ ದಾಟುತ್ತಿದ್ದರು.

ನನಗಾಗ ಹತ್ತು ವರ್ಷ. ಪೇರಲ ಮರ ಹತ್ತಿ ಕಡಜದಿಂದ ಅಂಗೈಗೆ ಕಚ್ಚಿಸಿಕೊಂಡೆ. ಅತ್ತಿಗೆ ಎಲೆ ಅಡಿಕೆ ಡಬ್ಬಿಯ ಸುಣ್ಣ ತಂದು ಬಳಿದು, “ಹಣ್ಣು ಭಾಳ ಸಿಹಿ ಇತ್ತೇನ್ರೀ ಮೈದುನರೇ?” ಎಂದು ನಕ್ಕರು. ಉರಿಗಿಂತ ಆ ನಗು ಚುಚ್ಚಿತು. ಕಡಜದ ಗೂಡು ನನಗೆ ಎಟುಕಲಿಲ್ಲ. ಸ್ಟೂಲು ಎಳೆದು, ಒಂದು ಕೈ ಚೌಕಟ್ಟಿಗೆ ಊರಿ, ಎಟುಕಿದ ಕುಂಬಾರ ಹುಳದ ಗೂಡನ್ನು ಒಡೆದೆ. ನೆಲಕ್ಕೆ ಬಿದ್ದ ಮಣ್ಣಿನಲ್ಲಿ ಹಸಿರು ಹುಳುಗಳು, ನಡುವೆ ಬಿಳಿಚಿಕೊಂಡ ಒಂದು ಮರಿ ಮಿಸುಕುತ್ತಿತ್ತು.

ಮೊದಲು ಬಂದವರು ಅತ್ತಿಗೆ. ಮಣ್ಣನ್ನು ನೋಡಿದರು. ಚೌಕಟ್ಟಿನ ಮೇಲೆ ಬೆಳ್ಳಗೆ ಮೂಡಿದ್ದ ಸುಣ್ಣದ ಅಂಗೈ ಗುರುತನ್ನು ನೋಡಿದರು, ಆಮೇಲೆ ನನ್ನ ಕೈ. ಅವ್ವನ ಹೆಜ್ಜೆ ಕೇಳುತ್ತಲೇ ಸೆರಗಿನಿಂದ ಆ ಗುರುತನ್ನು ಒರೆಸಿಬಿಟ್ಟರು.

“ಯಾರ ಕೆಲಸ ಇದು?”

“ನನ್ ಕೈಲೇ ಆತು ಅತ್ತೆ. ಕಸ ಹೊಡಿಯೋವಾಗ ತಾಗ್ತು.”

“ತನ್ನ ತೊಟ್ಟಿಲು ತಾನೇ ಮುರ್ಕಂಡ್ಲು,” ಎಂದಳು ಅವ್ವ. ಅಣ್ಣನ ಎರಡನೇ ಮದುವೆಯ ಮಾತು ಎದ್ದಾಗಲೆಲ್ಲ ಅವ್ವನ ಬಾಯಲ್ಲಿ ಅದೇ ಮಾತು. ನಾನು ಅಲ್ಲೇ ಕೂತು ಉಣ್ಣುತ್ತಿದ್ದೆ. ಬಾಯಿ ಬಿಡಲಿಲ್ಲ. ಒಂದು ಟ್ರಂಕು ಹಿಡಿದು ತವರಿಗೆ ಹೊರಟ ದಿನ ಅತ್ತಿಗೆ ನನ್ನ ತಲೆ ಸವರಿ, “ಮರ ನೋಡ್ಕಂಡು ಹತ್ತು,” ಎಂದರು, ಅಷ್ಟೇ. ಅವರು ತೀರಿಕೊಂಡ ಸುದ್ದಿ ಬಂದಾಗಲೂ ನಾನು ಹೋಗಲಿಲ್ಲ. ಆ ಮನೆಯೂ ಈಗಿಲ್ಲ. ಅಲ್ಲಿ ಸಾಲಾಗಿ ಅಂಗಡಿಗಳು.

ಲಿಂಕೋಪಿಂಗಿನಲ್ಲಿ ಪೊರಕೆ ಕೆಳಗಿಟ್ಟು ಶೆಡ್ಡಿನ ಪಕ್ಕದ ನೆಲಕ್ಕೆ ಒಂದು ಚೊಂಬು ನೀರು ಚಿಮುಕಿಸಿದೆ. ಹುಳು ಬಂದು ಮಣ್ಣು ಒಯ್ದಿತು. ಮೊಮ್ಮಗಳು ಚಪ್ಪಾಳೆ ತಟ್ಟಿದಳು. ನಾನು ಕೈ ಮುಗಿಯಬೇಕಾದವರು ಅಲ್ಲಿರಲಿಲ್ಲ. ಅತ್ತಿಗೆಯ ಹೆಸರು ಹಿಡಿದು ಕರೆಯುವ ರೂಢಿ ನಮ್ಮಲ್ಲಿಲ್ಲ. ಬದುಕಿನುದ್ದಕ್ಕೂ ಆ ಹೆಸರು ನನ್ನ ಬಾಯಿಗೆ ಬಂದಿಲ್ಲ. ಈಗ ಹೇಳುತ್ತೇನೆ.

ನೀಲಮ್ಮ.