ದೊಡ್ಡಮ್ಮನ ಒಂದೇ ಮುದ್ದೆ

ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಪೈಕಿ ನಾನು. ಈ ಗುಣ ಇಲ್ಲದಿದ್ದರೆ, ಚಿತ್ರದುರ್ಗದಲ್ಲಿ ವೈದ್ಯಕೀಯ ಓದುತ್ತಿದ್ದ ಆ ವರ್ಷ ಮೂರು ತಿಂಗಳು ಪ್ರತಿ ಭಾನುವಾರ ಹೊಳಲ್ಕೆರೆ, ಹೊಸದುರ್ಗ ಹಾದು ನಮ್ಮೂರು ಮಾಡದಕೆರೆಗೆ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಬರುತ್ತಿರಲಿಲ್ಲ. ಇದೇ ಗುಣದಿಂದ ನನ್ನನ್ನು ಸಾಕಿ ಬೆಳೆಸಿದ ದೊಡ್ಡಮ್ಮನ ಕಣ್ಣಲ್ಲಿ ನೀರು ತರಿಸಿದ್ದೂ ಹೌದು. ಎರಡನ್ನೂ ಹೇಳಿಬಿಡುತ್ತೇನೆ.

ಹೊಸ ಶತಮಾನ ಆಗಷ್ಟೇ ಶುರುವಾಗಿತ್ತು. ಊಟ, ನಡಿಗೆ, ನಿದ್ದೆ ತಿದ್ದಿಕೊಂಡರೆ ಎಷ್ಟೋ ಕಾಯಿಲೆ ಹತೋಟಿಗೆ ಬರುತ್ತವೆ ಎನ್ನುವ ಪಾಠ ನಮಗೆ ಹೊಸದು. ಗೆಳತಿಯರು ಅದನ್ನು ‘ಅಜ್ಜಿ ಪಾಠ’ ಎಂದು ನಗುತ್ತಿದ್ದರು. ಒಬ್ಬೊಬ್ಬರೂ ಒಬ್ಬ ರೋಗಿಯ ದಿನಚರಿಯನ್ನು ಮೂರು ತಿಂಗಳು ಬರೆದು ತಿದ್ದಿ ತೋರಿಸಿ ಎಂದರು ನಮ್ಮ ಮೇಡಂ. ನಾನು ದೊಡ್ಡಮ್ಮನ ಹೆಸರು ಕೊಟ್ಟೆ.

ಆಕೆಗೆ ಸಕ್ಕರೆ ಕಾಯಿಲೆ. ಬಲಗಾಲಿನಲ್ಲಿ ಕಾಲುಂಗುರ ಹಾಕುವ ಬೆರಳಿಗೇ ಹುಣ್ಣಾಗಿತ್ತು. ಹೊಸದುರ್ಗದ ಡಾಕ್ಟರು ಉಂಗುರ ಬಿಚ್ಚಿಸಿ, ಮಾತ್ರೆ ಬದಲಿಸಿ, ಶುಗರ್ ಇಳಿಯದಿದ್ದರೆ ಹುಣ್ಣು ಮಾಯುವುದಿಲ್ಲ, ಬೆರಳು ತೆಗೆಯಬೇಕಾಗುತ್ತದೆ ಎಂದಿದ್ದರು. ದೊಡ್ಡಮ್ಮ ಹೊರಗೆ ಬಂದವಳೇ ಅತ್ತಳು.

“ಗಂಡ ಇರೋವಾಗ್ಲೇ ಕಾಲುಂಗುರದ ಬೆರಳು ಹೋಗ್ತೈತಲ್ಲೇ.”

“ಹೋಗಾಕೆ ಬಿಡಲ್ಲ,” ಎಂದೆ.

ಬೆಲ್ಲದ ಡಬ್ಬಿಯನ್ನು ಅಟ್ಟಕ್ಕೆ ಏರಿಸಿದೆ. ಅನ್ನ ಬಿಡಿಸಿ ಎರಡು ಹೊತ್ತೂ ಮುದ್ದೆಗೆ ಹಚ್ಚಿದೆ. ಹುಣ್ಣಿನ ಕಾಲಲ್ಲಿ ನಡೆಸುವಂತಿರಲಿಲ್ಲ, ಹಾಗಾಗಿ ಕೂತಲ್ಲೇ ಕೈ ಆಡಿಸುವ ವ್ಯಾಯಾಮ ಕಲಿಸಿದೆ. ದೊಡ್ಡಪ್ಪ ಜಗಲಿಯಿಂದಲೇ “ಯಾರ‍್ನೇ ಹಂಗೆ ಕೈ ಬೀಸಿ ಕರೀತೀಯ?” ಎಂದು ರೇಗಿಸುತ್ತಿದ್ದ. ಹೋದಾಗಲೆಲ್ಲ ನೋಟ್‌ಬುಕ್ ತೆಗೆದು ಎಷ್ಟು ಉಣ್ತಿದೀಯ ಎಂದು ಕೇಳುತ್ತಿದ್ದೆ. “ಹೊತ್ತಿಗೆ ಒಂದೇ ಮುದ್ದೆ ಕಣೇ,” ಎನ್ನುತ್ತಿದ್ದಳು. ಒಂದು ಮುದ್ದೆ ಎಂದರೆ ಇಷ್ಟು ತೂಕ ಎಂದು ಕಾಲೇಜಿನ ಪಟ್ಟಿಯಲ್ಲಿತ್ತು. ಅದನ್ನೇ ಹಾಕಿ ಲೆಕ್ಕ ಕಟ್ಟಿದೆ. ಕಾಗದದ ಮೇಲೆ ದೊಡ್ಡಮ್ಮ ಬಹಳ ಚೆನ್ನಾಗಿದ್ದಳು.

ತಿಂಗಳಾಯಿತು. ಶುಗರ್ ಇಳಿಯಲಿಲ್ಲ. ಹುಣ್ಣು ಹಸಿಯಾಗಿಯೇ ಇತ್ತು, ಡಾಕ್ಟರು ಇನ್ನು ಹದಿನೈದು ದಿನ ನೋಡೋಣ ಎಂದರು. ನನಗೆ ಎಲ್ಲಿತ್ತೋ ಸಿಟ್ಟು! ಮನೆಗೆ ಬಂದು ಹೊಸಿಲು ದಾಟುವ ಮೊದಲೇ ಕೂಗಾಡಿದೆ.

“ಕದ್ದು ಬೆಲ್ಲ ತಿಂತಿದೀಯ ನೀನು! ನಾನು ಅಲ್ಲಿಂದ ಸಾಯ್ತಾ ಬರೋದು, ನೀನು ಇಲ್ಲಿ ಸುಳ್ಳು ಬರೆಸೋದು!”

ಪಕ್ಕದ ಮನೆಯವರೆಲ್ಲ ಕೇಳಿಸಿಕೊಂಡರು. ದೊಡ್ಡಮ್ಮ ಕಣ್ಣು ತುಂಬಿಕೊಂಡು ತನ್ನ ಅಂಗೈ ನೋಡಿ, “ನಿಂಗೆ ತುತ್ತಿಟ್ಟ ಕೈ ಕಣೇ ಇದು. ನಿನ್ ಹತ್ರ ಯಾಕೆ ಸುಳ್ಳು ಹೇಳ್ಲಿ?” ಎಂದಳು. ಉಣ್ಣದೆ ಬಸ್ ಹತ್ತಿದೆ.

ಮುಂದಿನ ಭಾನುವಾರವೂ ಹೋದೆ, ಬಿಡುವವಳಲ್ಲ ನಾನು. ಕಳ್ಳತನ ಹಿಡಿಯಲೆಂದೇ ಅಡುಗೆಮನೆಯ ಬಾಗಿಲಲ್ಲಿ ನಿಂತೆ. ದೊಡ್ಡಮ್ಮ ಒಲೆ ಮುಂದೆ ಕೂತಳು. ಕೋಲಿನಲ್ಲಿ ಹಿಟ್ಟು ತೊಳಸಿ, ಕೈಗೆ ನೀರು ಹಚ್ಚಿಕೊಂಡು, ಉರುಳಿಸಿ ತಟ್ಟೆಗಿಟ್ಟಳು. ಒಂದೇ ಮುದ್ದೆ. ಅಯ್ಯೋ ದೇವರೇ! ತಟ್ಟೆಯಲ್ಲಿ ಸಾರಿಗೆ ಜಾಗವಿರಲಿಲ್ಲ. ಅದೇ ಗಾತ್ರದ್ದನ್ನು ತಿಂದೇ ಬೆಳೆದವಳು ನಾನು. ಹಾಸ್ಟೆಲಿನಲ್ಲಿ ಕೊಡುವುದನ್ನು ನಿಂಬೆಹಣ್ಣು ಎಂದು ಆಡಿಕೊಳ್ಳುತ್ತಿದ್ದೆ. ಪಕ್ಕದ ಅಂಗಡಿಯ ತಕ್ಕಡಿ ತಂದು ತೂಗಿದೆ. ಪಟ್ಟಿಯ ಮೂರು ಮುದ್ದೆ ಸೇರಿದರೆ ದೊಡ್ಡಮ್ಮನ ಒಂದು. ಅವಳು ಹೇಳಿದ್ದೆಲ್ಲ ನಿಜ, ಬರೆದ ನಾನೇ ದಡ್ಡಿ. ತಪ್ಪಾಯಿತು ಎನ್ನಬೇಕಿತ್ತು, ನಾಲಿಗೆ ಏಳಲಿಲ್ಲ.

“ಇನ್ಮೇಲೆ ಇದನ್ನ ಮುರಿದು ಇಕ್ಕೋ,” ಎಂದೆ.

“ಮುರಿದ ಮುದ್ದೆ ಇಕ್ಕೋದು ಈ ಮನೇಲಿಲ್ಲ. ನಮ್ಮತ್ತೆ ಕಾಲದಿಂದ್ಲೂ ಇಲ್ಲ. ಬೆರಳು ಹೋದ್ರೆ ಹೋಗ್ಲಿ.”

ಅವಳ ಮೊಲಕ್ಕೂ ಮೂರೇ ಕಾಲು. ಗೋಡೆಯ ಗೂಡಿನ ಕಡೆ ನೋಡಿದೆ. ಚಿಕ್ಕಂದಿನಲ್ಲಿ ನನಗೆ ಉಣ್ಣಿಸುತ್ತಿದ್ದ ಸ್ಟೀಲಿನ ಬಟ್ಟಲು ಅಲ್ಲೇ ಇತ್ತು. ತೊಳೆದು, ನೀರು ಸವರಿ, ಒಂದು ಮುಷ್ಟಿ ಬೆಂದ ಹಿಟ್ಟು ಹಾಕಿ ತಿರುವಿ ತಟ್ಟೆಗೆ ಬೋರಲು ಹಾಕಿದೆ. ಪುಟ್ಟದು, ಆದರೆ ಇಡಿಯಾದ ಮುದ್ದೆ.

“ಇದು ಮುರಿದಿದ್ದಾ?”

ದೊಡ್ಡಮ್ಮ ತಟ್ಟೆ ತಿರುಗಿಸಿ ನೋಡಿ, “ಇದು ಕೂಸಿನ ಮುದ್ದೆ,” ಎಂದಳು. ಆಮೇಲೆ ಸೊಪ್ಪಿನ ಪಲ್ಯ ಹೆಚ್ಚು ಹಾಕಿಕೊಂಡು ಅದನ್ನೇ ಉಂಡಳು. ಅಂದಿನಿಂದ ಅದೇ ಬಟ್ಟಲು. ಮೊದಲ ವಾರ ಹಸಿವಿಗೆ ನನ್ನನ್ನು ಬೈದಿದ್ದೇ ಬೈದಿದ್ದು, ಆದರೆ ಬಟ್ಟಲು ಬಿಡಲಿಲ್ಲ.

ಹದಿನೈದನೇ ದಿನ ಶುಗರ್ ಸ್ವಲ್ಪ ಇಳಿದಿತ್ತು, ಡಾಕ್ಟರು ಇನ್ನಷ್ಟು ದಿನ ಕೊಟ್ಟರು. ಹುಣ್ಣಿನ ಅಂಚಿಗೆ ಹೊಸ ಚರ್ಮ ಬಂತು, ಹುಣ್ಣು ಒಣಗಿತು. ಮೂರು ತಿಂಗಳು ತುಂಬುವ ಹೊತ್ತಿಗೆ ಅವರು ಪಟ್ಟಿ ಬಿಚ್ಚಿ, ಬೆರಳಿಗೆ ಇನ್ನು ಭಯವಿಲ್ಲ ಎಂದರು. ಬಿಗಿ ಉಂಗುರ ಮಾತ್ರ ಬೇಡ ಎಂದದ್ದಕ್ಕೆ, “ಬೆರಳೈತಲ್ಲ, ಸಾಕು ಬಿಡ್ರಿ,” ಎಂದಳು ದೊಡ್ಡಮ್ಮ.

ಮನೆಗೆ ಬಂದು, ಮುದ್ದೆ ಮಾಡಿಟ್ಟು, ಚಾಪೆಯ ಮೇಲೆ ಕೂತು, ಆ ಕಾಲನ್ನು ನನ್ನ ಮುಂದೆ ಚಾಚಿದಳು.

“ಈಗ ಹೇಳು. ಕದ್ದು ತಿಂದ್ನಾ ನಾನು?”

ಅಷ್ಟು ದಿನವೂ ಅದನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದಳು. ನಾನು ಬಗ್ಗಿ ಆ ಬೆರಳನ್ನು ಹಿಡಿದುಕೊಂಡೆ. “ತಪ್ಪಾತು ದೊಡ್ಡಮ್ಮ,” ಎಂದೆ. ಅಷ್ಟು ಹೇಳುವುದರೊಳಗೆ ಅಳು ಬಂತು.

“ಬಿಡೇ, ಮುದ್ದೆ ಆರೋಗ್ತೈತೆ,” ಎಂದಳು.

ನಾನು ಬಿಡಲಿಲ್ಲ.